ಚಳಿಗಾಲದ ಮರುಭೂಮಿ ಪ್ರವಾಸ: ತಯಾರಿ ಹಗಲಿಗಲ್ಲ, ರಾತ್ರಿಗೆ

ಚಳಿಗಾಲ ಬಂತು ಅಂದರೆ ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು ಬರೋಣ ಅಂತ ಮರುಭೂಮಿಗೆ ಹೊರಡುವವರು ಬಹಳ ಜನ. ಯೋಚನೆ ತಪ್ಪೇನಲ್ಲ. ಆ ಕಾಲದಲ್ಲಿ ಅಲ್ಲಿನ ಹಗಲು ನಿಜಕ್ಕೂ ಹಿತವಾಗಿರುತ್ತದೆ. ಆಕಾಶ ತಿಳಿಯಾಗಿರುತ್ತದೆ, ಬಿಸಿಲಿನ ಝಳ ಇರುವುದಿಲ್ಲ, ನಡೆದರೂ ಹೆಚ್ಚು ಬೆವರು ಬರುವುದಿಲ್ಲ. ಕಷ್ಟ ಶುರುವಾಗುವುದು ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನ ತೆಳು ಅಂಗಿಯಲ್ಲಿ ಓಡಾಡಿದವರು ರಾತ್ರಿ ಒಂಬತ್ತರ ಹೊತ್ತಿಗೆ ಬ್ಯಾಗಿನಲ್ಲಿದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಮುದುರಿ ಕೂತಿರುತ್ತಾರೆ.

ಅಮೆರಿಕದ ಡೆತ್ ವ್ಯಾಲಿಯನ್ನೇ ನೋಡಿ. 1913ರ ಜುಲೈ 10ರಂದು ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜಗತ್ತಿನ ಅತಿ ಹೆಚ್ಚು ತಾಪಮಾನ ಅಂತ ಇವತ್ತಿಗೂ ಹೇಳುವುದು ಅದನ್ನೇ. ಅದೇ ವರ್ಷದ ಜನವರಿಯಲ್ಲಿ ಅದೇ ಜಾಗದಲ್ಲಿ ತಾಪಮಾನ ಸೊನ್ನೆಗಿಂತ 9 ಡಿಗ್ರಿ ಕೆಳಗೆ ಇಳಿದಿತ್ತು. ಮರುಭೂಮಿ ಅಂದರೆ ಸೆಖೆಯ ಜಾಗ ಅಲ್ಲ, ಮಳೆ ಕಡಿಮೆ ಇರುವ ಜಾಗ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಅನ್ನುತ್ತಾರೆ. ಬಿಸಿಗೂ ಅದಕ್ಕೂ ಕಟ್ಟುನಿಟ್ಟಾದ ಸಂಬಂಧ ಇಲ್ಲ.

ಹಾಗಾಗಿ ಈ ಲೇಖನದಲ್ಲಿ ಹಗಲಿನ ಬಗ್ಗೆ ಕಡಿಮೆ, ರಾತ್ರಿಯ ಬಗ್ಗೆ ಜಾಸ್ತಿ ಹೇಳುತ್ತೇನೆ.

ಅಷ್ಟು ಬೇಗ ತಣ್ಣಗಾಗುವುದು ಯಾಕೆ

ಹಗಲು ನೆಲ ಹೀರಿಕೊಂಡ ಬಿಸಿ ರಾತ್ರಿ ಆಕಾಶದ ಕಡೆಗೆ ಹೊರಟುಹೋಗುತ್ತದೆ. ಬೇರೆ ಕಡೆ ಮೋಡ ಮತ್ತು ಗಾಳಿಯಲ್ಲಿರುವ ತೇವ ಅದರಲ್ಲಿ ಒಂದಷ್ಟನ್ನು ತಡೆದು ವಾಪಸ್ ಕಳಿಸುತ್ತವೆ. ಮರುಭೂಮಿಯಲ್ಲಿ ಮೋಡವೂ ಇಲ್ಲ, ತೇವವೂ ಇಲ್ಲ. ತಡೆಯುವವರೇ ಇಲ್ಲದ ಮೇಲೆ ಬಿಸಿ ನಿಲ್ಲುವುದು ಎಲ್ಲಿ?

ಮರಳಿನದ್ದೂ ಇದರಲ್ಲಿ ಪಾಲಿದೆ. ಒಣ ಮರಳು ಬಿಸಿಯನ್ನು ಒಳಗೆ ಬಿಡುವುದಿಲ್ಲ. ಎಷ್ಟೇ ಬಿಸಿಲಿದ್ದರೂ ಕಾಯುವುದು ಮೇಲಿನ ಪದರ ಮಾತ್ರ. ಒಂದಡಿ ಆಳಕ್ಕೆ ಹೋದರೆ ಹಗಲಿಗೂ ರಾತ್ರಿಗೂ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಸೂರ್ಯ ಮುಳುಗಿ ಒಂದು ಗಂಟೆಯಾದ ಮೇಲೆ ದಿಬ್ಬದ ಮೇಲೆ ಕೂತು ಮರಳಿಗೆ ಕೈ ಹಾಕಿ ನೋಡಿ. ಅಂಗೈ ಕೆಳಗಿನ ಮರಳು ಆಗಲೇ ತಣ್ಣಗೆ ಕೊರೆಯುತ್ತಿರುತ್ತದೆ. ಬೆರಳನ್ನು ಸ್ವಲ್ಪ ಒಳಗೆ ತಳ್ಳಿದರೆ ಮಧ್ಯಾಹ್ನದ ಬಿಸಿ ಇನ್ನೂ ಉಗುರುಬೆಚ್ಚಗೆ ಉಳಿದಿರುತ್ತದೆ. ನೀವು ಮಲಗುವುದು ಮಾತ್ರ ಮೇಲಿನ ಆ ತಣ್ಣನೆಯ ಪದರದ ಮೇಲೆ.

ಇರಾನಿನ ಮರುಭೂಮಿ ಊರುಗಳಲ್ಲಿ ಹಿಂದೆ ಈ ಚಳಿಯನ್ನೇ ದುಡಿಸಿಕೊಂಡಿದ್ದರು. ಚಳಿಗಾಲದ ರಾತ್ರಿ ಆಳವಿಲ್ಲದ ಗುಂಡಿಗಳಲ್ಲಿ ತೆಳ್ಳಗೆ ನೀರು ನಿಲ್ಲಿಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಹೆಪ್ಪುಗಟ್ಟಿರುತ್ತಿತ್ತು. ಆ ಮಂಜುಗಡ್ಡೆಯನ್ನು ಯಖ್‌ಚಾಲ್ ಎಂಬ ದಪ್ಪ ಗೋಡೆಯ ಗುಮ್ಮಟದೊಳಗೆ ತುಂಬಿ ಬೇಸಿಗೆಗೆ ಇಟ್ಟುಕೊಳ್ಳುತ್ತಿದ್ದರು. ಫ್ರಿಡ್ಜು ಬರುವುದಕ್ಕೆ ಎಷ್ಟೋ ಶತಮಾನ ಮುಂಚಿನ ಮಾತು ಇದು. ಬರೀ ಬಯಲಿನಲ್ಲಿ ಮಂಜುಗಡ್ಡೆ ಮಾಡಬಲ್ಲ ರಾತ್ರಿಗೆ ನೀವು ಒಂದು ತೆಳು ಶಾಲು ಹಿಡಿದು ಹೋಗುವುದು ಸರಿಯಲ್ಲ, ಅಲ್ವಾ?

ಮೊದಲನೆಯದು: ಹೋಗುವ ಜಾಗದ ಎತ್ತರ ನೋಡಿ

ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಹೋದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಫೋಟೊದಲ್ಲಿ ಮರಳು ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಜೋರ್ಡಾನಿನ ವಾದಿ ರಮ್ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುವುದು ಮಾಮೂಲು. ಅಲ್ಜೀರಿಯಾದಲ್ಲಿ ಸಹಾರಾದ ಬಾಗಿಲಲ್ಲಿರುವ ಐನ್ ಸೆಫ್ರಾ ಊರೂ ಹಾಗೇ. ಅಲ್ಲಿನ ಮರಳ ದಿಬ್ಬಗಳ ಮೇಲೆ 2016ರ ಡಿಸೆಂಬರಿನಲ್ಲಿ, ಮತ್ತೆ 2018ರ ಜನವರಿಯಲ್ಲಿ ಹಿಮ ಬಿದ್ದಿತ್ತು.

ಚಿಲಿಯ ಅಟಕಾಮಾಕ್ಕೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಪ್ರವಾಸಿಗರು ಉಳಿಯುವ ಸ್ಯಾನ್ ಪೆಡ್ರೊ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಬೆಳಗಿನ ಜಾವ ಕರೆದುಕೊಂಡು ಹೋಗುವ ಎಲ್ ತಾತಿಯೊ ಬಿಸಿನೀರ ಬುಗ್ಗೆಗಳು 4,300 ಮೀಟರ್ ಎತ್ತರದಲ್ಲಿವೆ. ಅಲ್ಲಿ ಚಳಿಗಾಲ ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ ಅನ್ನುವುದನ್ನೂ ಮರೆಯಬೇಡಿ.

ಹಾಗಂತ ಎತ್ತರ ಒಂದನ್ನೇ ನಂಬಿಕೊಳ್ಳುವುದೂ ಬೇಡ. ಥಾರ್ ಮರುಭೂಮಿಯ ಅಂಚಿನಲ್ಲಿ, ರಾಜಸ್ಥಾನದಲ್ಲಿರುವ ಚೂರು ಎಂಬ ಊರು ಅಂಥ ಎತ್ತರದಲ್ಲೇನೂ ಇಲ್ಲ. 2019ರ ಜೂನ್‌ನಲ್ಲಿ ಅಲ್ಲಿ ತಾಪಮಾನ 50 ಡಿಗ್ರಿ ದಾಟಿತ್ತು. ಚಳಿಗಾಲದಲ್ಲಿ ಅದೇ ಊರಿನ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಉತ್ತರದಿಂದ ಬರುವ ಒಣ ತಣ್ಣನೆ ಗಾಳಿಗೆ ಅಲ್ಲಿ ಅಡ್ಡ ಬರುವುದು ಏನೂ ಇಲ್ಲ. ಮಂಗೋಲಿಯಾ, ಚೀನಾಗಳಲ್ಲಿ ಹರಡಿರುವ ಗೋಬಿ ಮರುಭೂಮಿಯನ್ನಂತೂ ಬಿಸಿಲಿನ ಪಟ್ಟಿಯಿಂದಲೇ ತೆಗೆದುಹಾಕಿ. ಅಲ್ಲಿನ ಚಳಿಗಾಲ ಸೊನ್ನೆಗಿಂತ ಎಷ್ಟೋ ಕೆಳಗಿನ ಲೆಕ್ಕ. ನಿಮಗೆ ಬೇಕಿರುವುದು ಬೆಚ್ಚನೆಯ ರಜೆಯೇ ಆದರೆ ಅರಬ್ಬಿ ಕೊಲ್ಲಿಯ ದಡದಂಥ, ಸಮುದ್ರಕ್ಕೆ ಹತ್ತಿರದ ತಗ್ಗು ಮರುಭೂಮಿ ಆರಿಸಿಕೊಳ್ಳಿ. ಅಲ್ಲಿ ಒಂದು ಸ್ವೆಟರಿನಲ್ಲಿ ರಾತ್ರಿ ಕಳೆಯಬಹುದು.

ಎರಡನೆಯದು: ಹವಾಮಾನ ನೋಡುವಾಗ ಕನಿಷ್ಠ ತಾಪಮಾನ ನೋಡಿ

ಸರಾಸರಿಯನ್ನು ನಂಬಬೇಡಿ. ಸರಾಸರಿ 12 ಡಿಗ್ರಿ ಅಂತ ಇದ್ದರೆ ಹಗಲು 22, ರಾತ್ರಿ 2 ಇರಬಹುದು. ಆ 12 ಡಿಗ್ರಿ ನಿಮಗೆ ಸಿಗುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಕನಿಷ್ಠ ಎಷ್ಟು ಅಂತ ನೋಡಿ, ಗಂಟೆ ಗಂಟೆಯ ಲೆಕ್ಕ ಸಿಕ್ಕರೆ ಇನ್ನೂ ಒಳ್ಳೆಯದು. ಅತಿ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಸೂರ್ಯೋದಯ ನೋಡಲು ಎಲ್ಲರೂ ದಿಬ್ಬ ಹತ್ತುವುದೂ ಸರಿಯಾಗಿ ಅದೇ ಹೊತ್ತಿಗೆ.

ಇನ್ನೊಂದು ವಿಷಯ ಇದೆ. ಹವಾಮಾನದವರು ತಾಪಮಾನ ಅಳೆಯುವುದು ನೆಲದಿಂದ ಒಂದೂವರೆ, ಎರಡು ಮೀಟರ್ ಮೇಲೆ. ತಿಳಿ ಆಕಾಶದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಅದಕ್ಕಿಂತ ಕೆಲವು ಡಿಗ್ರಿ ಜಾಸ್ತಿ ತಣ್ಣಗಿರುತ್ತದೆ. ಮೊಬೈಲಿನಲ್ಲಿ 3 ಡಿಗ್ರಿ ತೋರಿಸುತ್ತಿದ್ದರೂ ಬೆಳಿಗ್ಗೆ ಚಪ್ಪಲಿಯ ಮೇಲೆ ಬೆಳ್ಳಗೆ ಹಿಮದ ಪುಡಿ ಕೂತಿರುವುದು ಅದಕ್ಕೇ.

ಗಾಳಿಯ ಲೆಕ್ಕವನ್ನೂ ಸೇರಿಸಿ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಮೈಗೆ ಅದು 0 ಡಿಗ್ರಿಯ ಹಾಗೆ ತಾಕುತ್ತದೆ. ತೆರೆದ ಜೀಪಿನಲ್ಲಿ 30 ಕಿಲೋಮೀಟರ್ ವೇಗದಲ್ಲಿ ಹೋದರೂ ಲೆಕ್ಕ ಅದೇ. ಗಾಳಿ ಇಲ್ಲದಿದ್ದರೂ ಗಾಡಿಯೇ ಗಾಳಿ ಎಬ್ಬಿಸುತ್ತದೆ. ಬೆಳಗಿನ ಜಾವದ ಜೀಪ್ ಸವಾರಿ ಇಡೀ ಪ್ರವಾಸದಲ್ಲೇ ಅತಿ ಚಳಿಯ ಹೊತ್ತು ಅಂತ ಇಟ್ಟುಕೊಂಡು ಬಟ್ಟೆ ಹಾಕಿಕೊಳ್ಳಿ.

ನಾನು ಪಾಲಿಸುವ ನಿಯಮ ಸರಳ. ಕನಿಷ್ಠ ಎಷ್ಟು ಅಂತ ಹೇಳಿದ್ದಾರೋ ಅದಕ್ಕಿಂತ 5 ಡಿಗ್ರಿ ಕಡಿಮೆಗೆ ತಯಾರಾಗುವುದು.

ಜನ ಮರೆಯುವ ಇನ್ನೊಂದು ಸಂಗತಿ ರಾತ್ರಿಯ ಉದ್ದ. ಸಹಾರಾದ ಉತ್ತರ ಭಾಗ, ಜೋರ್ಡಾನ್, ಅಮೆರಿಕದ ಮೊಹಾವಿ ಮರುಭೂಮಿ, ಇವೆಲ್ಲ 30 ಡಿಗ್ರಿ ಅಕ್ಷಾಂಶದ ಆಸುಪಾಸಿನವು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗಿದರೆ ಮತ್ತೆ ಕಾಣುವುದು ಹೆಚ್ಚುಕಡಿಮೆ 14 ಗಂಟೆ ಕಳೆದ ಮೇಲೆ. ಅಂದರೆ ನಿಮ್ಮ ಬಿಸಿಲಿನ ರಜೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತಲೆಯೇ.

ಮೂರನೆಯದು: ಬುಕ್ ಮಾಡುವ ಮುಂಚೆ ಕೇಳಬೇಕಾದ್ದು

ಟೆಂಟ್ ಕ್ಯಾಂಪುಗಳ ಜಾಹೀರಾತಿನಲ್ಲಿ ದೀಪಗಳು, ನಕ್ಷತ್ರಗಳು, ಕಂಬಳಿ ಹಾಸಿದ ನೆಲ ಎಲ್ಲ ಚೆನ್ನಾಗಿ ಕಾಣುತ್ತದೆ. ಫೋನ್ ಮಾಡಿ ನೇರವಾಗಿ ಕೇಳಿ. ಒಬ್ಬರಿಗೆ ಎಷ್ಟು ರಗ್ಗು ಕೊಡುತ್ತೀರಿ? ಹೀಟರ್ ಇದೆಯಾ? ಇದ್ದರೆ ಕರೆಂಟು ರಾತ್ರಿಯಿಡೀ ಇರುತ್ತದಾ, ಇಲ್ಲ ಜನರೇಟರ್ ಇಂತಿಷ್ಟು ಗಂಟೆಗೆ ಆಫ್ ಆಗುತ್ತದಾ? ಬಾತ್‌ರೂಮು ಟೆಂಟಿನ ಒಳಗೇ ಇದೆಯಾ, ಹೊರಗೆ ನಡೆದುಹೋಗಬೇಕಾ? ಬಿಸಿನೀರು ಯಾವ ಹೊತ್ತಿನಲ್ಲಿ? ಇದನ್ನೆಲ್ಲ ಕೇಳಲು ಸಂಕೋಚ ಬೇಡ. ಬೆಳಗಿನ ಜಾವ ಮೂರಕ್ಕೆ ಗೊತ್ತಾಗುವ ಬದಲು ಮೊದಲೇ ಗೊತ್ತಾಗಲಿ.

ಕಟ್ಟಡದ ರೂಮು ತೆಗೆದುಕೊಂಡರೆ ಚಳಿಯ ಚಿಂತೆ ಇಲ್ಲ ಅಂತಲೂ ಅಲ್ಲ. ಮರುಭೂಮಿಯ ಮನೆಗಳನ್ನು ಕಟ್ಟಿರುವುದು ಸೆಖೆಯಿಂದ ತಪ್ಪಿಸಿಕೊಳ್ಳಲು. ದಪ್ಪ ಗೋಡೆ, ಎತ್ತರದ ಸೂರು, ಕಲ್ಲಿನ ನೆಲ. ಬೇಸಿಗೆಯಲ್ಲಿ ತಂಪಾಗಿಡುವ ಇವೇ ಚಳಿಗಾಲದಲ್ಲೂ ತಂಪಾಗಿಯೇ ಇಡುತ್ತವೆ. ಆದರೂ ಮೊದಲ ರಾತ್ರಿ ರೂಮಿನಲ್ಲೇ ಕಳೆಯಿರಿ. ಚಳಿ ಎಷ್ಟಿದೆ ಅಂತ ಮೈಗೆ ಗೊತ್ತಾಗುತ್ತದೆ, ಏನಾದರೂ ಕೊರತೆ ಇದ್ದರೆ ಊರಿನಲ್ಲೇ ಕೊಳ್ಳಬಹುದು. ಮಾರನೆ ದಿನ ಟೆಂಟಿಗೆ ಹೋಗಿ. ಮೂರು ನಾಲ್ಕು ರಾತ್ರಿ ಟೆಂಟು ಬುಕ್ ಮಾಡುವ ಉತ್ಸಾಹ ಬೇಡ. ಒಂದು ರಾತ್ರಿ ಸಾಕು, ಹಿಡಿಸಿದರೆ ಮುಂದುವರಿಸಬಹುದು.

ನಾಲ್ಕನೆಯದು: ಬಟ್ಟೆ

ಮರುಭೂಮಿಯ ಜನರ ಉಡುಪನ್ನು ಗಮನಿಸಿದರೆ ಪಾಠ ಅಲ್ಲೇ ಇದೆ. ಅರಬ್ ಮರುಭೂಮಿಗಳಲ್ಲಿ ಚಳಿಗಾಲಕ್ಕೆ ಫರ್ವಾ ಅಂತ ಕಾಲಿನವರೆಗೂ ಬರುವ ನಿಲುವಂಗಿ ಹಾಕುತ್ತಾರೆ. ಸಾಂಪ್ರದಾಯಿಕ ಫರ್ವಾಕ್ಕೆ ಒಳಗಡೆ ಕುರಿಯ ತುಪ್ಪಳ ಇರುತ್ತದೆ. ಮೊರಾಕ್ಕೊದಲ್ಲಿ ತಲೆ ಮುಚ್ಚುವ ಟೊಪ್ಪಿ ಇರುವ ದಪ್ಪ ಉಣ್ಣೆಯ ಜೆಲ್ಲಾಬಾ. ಅಲ್ಲೇ ಹುಟ್ಟಿ ಬೆಳೆದವರು ಉಣ್ಣೆ ಹೊದ್ದು ಕೂತಿರುವಾಗ ನಾವು ಟೀ ಶರ್ಟು ತುಂಬಿಕೊಂಡು ಹೋಗುವುದು ಬೇಡ.

ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ಪದರ ಒಳ್ಳೆಯದು. ಒಳಗೆ ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯದ್ದೋ ಫ್ಲೀಸಿನದ್ದೋ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ನುಗ್ಗದ ಜಾಕೆಟ್. ಬೆಳಿಗ್ಗೆ ಹತ್ತಕ್ಕೆ ಒಂದೊಂದೇ ಬಿಚ್ಚುತ್ತಾ ಬರಬಹುದು. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರದಿದ್ದರೆ ಒಳ್ಳೆಯದು. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಂಜೆ ಅದೇ ಒದ್ದೆ ಬಟ್ಟೆ ಮೈಯ ಬಿಸಿ ಕದಿಯುತ್ತದೆ. ಉಣ್ಣೆ ಒದ್ದೆಯಾದರೂ ಒಂದಷ್ಟು ಬೆಚ್ಚಗಿಡುತ್ತದೆ. ಉಣ್ಣೆಯ ಟೊಪ್ಪಿ, ಮಫ್ಲರ್, ಕೈಗವಸು ಇರಲಿ. ಮಲಗುವಾಗ ಮಾತ್ರ ಹಾಕಿಕೊಳ್ಳಲು ಒಂದು ಜೊತೆ ದಪ್ಪ ಕಾಲುಚೀಲವನ್ನು ಬೇರೆಯೇ ಎತ್ತಿಡಿ. ಹಗಲು ಅದನ್ನು ಮುಟ್ಟಬೇಡಿ.

ಬಟ್ಟೆಗಿಂತ ಮುಖ್ಯವಾದದ್ದು ಅದನ್ನು ಯಾವಾಗ ಹಾಕುತ್ತೀರಿ ಅನ್ನುವುದು. ಚಳಿ ಶುರುವಾದ ಮೇಲೆ ಅಲ್ಲ, ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಇರುವಾಗಲೇ ಒಳಬಟ್ಟೆ ಬದಲಿಸಿ, ಸ್ವೆಟರ್ ಹಾಕಿಕೊಂಡುಬಿಡಿ. ಸ್ವೆಟರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಕಾಯುತ್ತದೆ ಅಷ್ಟೆ. ಒಮ್ಮೆ ಮೈ ತಣ್ಣಗಾದರೆ ಮತ್ತೆ ಬೆಚ್ಚಗಾಗಲು ತುಂಬ ಹೊತ್ತು ಬೇಕು.

ಐದನೆಯದು: ನಿದ್ದೆ

ಮೇಲೆ ಎಷ್ಟು ಹೊದ್ದರೂ ಚಳಿ ಬಿಡುತ್ತಿಲ್ಲ ಅಂತ ಒದ್ದಾಡುವವರ ಕಷ್ಟ ಬಹಳ ಸಲ ಮೇಲಿನದಲ್ಲ, ಕೆಳಗಿನದು. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ಚಪ್ಪಟೆಯಾಗುತ್ತದೆ. ಅದರೊಳಗಿನ ಗಾಳಿ ಹೊರಟುಹೋದ ಮೇಲೆ ಅದು ಬರೀ ಬಟ್ಟೆ. ನೆಲ ನಿಮ್ಮ ಬೆನ್ನಿನ ಬಿಸಿಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಅದಕ್ಕೇ ಎರಡು ಕಂಬಳಿ ಇದ್ದರೆ ಒಂದನ್ನು ಕೆಳಗೆ ಹಾಸಿ.

ಮ್ಯಾಟ್ ಕೊಳ್ಳುವವರು ಅದರ ಆರ್-ವ್ಯಾಲ್ಯೂ ನೋಡಿ. ನೆಲದ ಚಳಿಯನ್ನು ಅದು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ಬೇಸಿಗೆಗೆ 1 ಅಥವಾ 2 ಸಾಕು. ಸೊನ್ನೆಯ ಹತ್ತಿರದ ರಾತ್ರಿಗೆ 4ರ ಆಸುಪಾಸು ಇರಲಿ. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಎರಡರ ಅಳತೆಯೂ ಕೂಡಿಕೊಳ್ಳುತ್ತದೆ. ಕ್ಯಾಂಪಿನಲ್ಲಿ ಮಂಚ ಕೊಟ್ಟರೂ ಇದೇ ಮಾತು. ಮಂಚದ ಕೆಳಗೆ ತಣ್ಣನೆ ಗಾಳಿ ಓಡಾಡುತ್ತದೆ, ಹಾಸಿಗೆ ತೆಳ್ಳಗಿದ್ದರೆ ಬೆನ್ನು ಕೊರೆಯುತ್ತದೆ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಅಂಕಿ ಇರುತ್ತವೆ. ನೀವು ನೋಡಬೇಕಾದ್ದು ಕಂಫರ್ಟ್ ಒಂದನ್ನೇ. ಲಿಮಿಟ್ ಅಂದರೆ ಮುದುರಿ ಮಲಗಿ ಹೇಗೋ ರಾತ್ರಿ ಕಳೆಯುವ ಮಟ್ಟ. ಎಕ್ಸ್‌ಟ್ರೀಮ್ ಅಂದರೆ ಜೀವಕ್ಕೆ ಅಪಾಯ ಶುರುವಾಗುವ ಮಟ್ಟ. ಅಂಗಡಿಯಲ್ಲಿ ದೊಡ್ಡದಾಗಿ ಬರೆದಿರುವ ಅಂಕಿ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಮೈ ತಣ್ಣಗಿರುವಾಗ ಬ್ಯಾಗಿನೊಳಗೆ ಹೋಗಬೇಡಿ. ಮಲಗುವ ಮುಂಚೆ ಏನಾದರೂ ತಿನ್ನಿ, ಐದು ನಿಮಿಷ ಚುರುಕಾಗಿ ನಡೆಯಿರಿ, ಬೆವರು ಬರುವಷ್ಟು ಮಾತ್ರ ಬೇಡ. ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಹಾಕಿ, ತೊಡೆಗಳ ನಡುವೆ ಇಟ್ಟುಕೊಳ್ಳಿ. ದೊಡ್ಡ ರಕ್ತನಾಳಗಳು ಹಾದುಹೋಗುವ ಜಾಗ ಅದು, ಇಡೀ ಮೈ ಬೆಚ್ಚಗಾಗುತ್ತದೆ. ರಾತ್ರಿ ಮೂತ್ರಕ್ಕೆ ಹೋಗಬೇಕು ಅನ್ನಿಸಿದರೆ ತಡೆದುಕೊಂಡು ಮಲಗಬೇಡಿ, ಎದ್ದು ಹೋಗಿಬನ್ನಿ. ಇಲ್ಲದಿದ್ದರೆ ನಿದ್ದೆಯೂ ಇಲ್ಲ, ನೆಮ್ಮದಿಯೂ ಇಲ್ಲ.

ತಲೆಗೆ ಟೊಪ್ಪಿ ಹಾಕಿಕೊಳ್ಳಿ, ಆದರೆ ಮುಖವನ್ನು ಬ್ಯಾಗಿನೊಳಗೆ ಹುದುಗಿಸಬೇಡಿ. ಉಸಿರಿನ ತೇವದಿಂದ ಬ್ಯಾಗು ಒದ್ದೆಯಾಗುತ್ತದೆ. ಟೆಂಟಿನ ಕಿಂಡಿಯನ್ನೂ ಪೂರ್ತಿ ಮುಚ್ಚಬಾರದು. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಮೊಬೈಲು, ಕ್ಯಾಮೆರಾ ಬ್ಯಾಟರಿ ಎಲ್ಲ ನಿಮ್ಮ ಜೊತೆ ಒಳಗೇ ಇರಲಿ. ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ.

ಸ್ವಂತ ಟೆಂಟು ಹಾಕುವವರಿಗೆ

ತಣ್ಣನೆ ಗಾಳಿಗೆ ಭಾರ ಜಾಸ್ತಿ. ಅದು ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಎರಡು ದಿಬ್ಬಗಳ ನಡುವಿನ ಗುಂಡಿ ಗಾಳಿಯಿಂದ ಮರೆಯಾಗಿ ಕಂಡರೂ ಅತಿ ಹೆಚ್ಚು ಚಳಿ ಅಲ್ಲೇ. ದಿಬ್ಬದ ನೆತ್ತಿಯಲ್ಲಿ ಗಾಳಿ ಹೊಡೆತ. ತಳದಿಂದ ಸ್ವಲ್ಪ ಮೇಲಕ್ಕೆ, ಗಾಳಿಗೆ ಮರೆಯಾಗಿ, ಬೆಳಗಿನ ಬಿಸಿಲು ಬೇಗ ಬೀಳುವ ಹಾಗೆ ಪೂರ್ವಕ್ಕೆ ತೆರೆದಿರುವ ಜಾಗ ಹುಡುಕಿ. ಒಣಗಿದ ಹಳ್ಳದ ಪಾತ್ರದಲ್ಲಿ ಮಾತ್ರ ಎಂದಿಗೂ ಬೇಡ. ಎಲ್ಲೋ ದೂರದಲ್ಲಿ ಮಳೆ ಬಿದ್ದರೂ ಅಲ್ಲಿಗೆ ನೀರು ನುಗ್ಗುತ್ತದೆ.

ಬರೀ ಬ್ಯೂಟೇನ್ ತುಂಬಿದ ಸಣ್ಣ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಕೈಕೊಡುತ್ತದೆ. ಬ್ಯೂಟೇನ್ ಕುದಿಯುವುದೇ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅದಕ್ಕಿಂತ ಚಳಿಯಾದರೆ ಅದು ಅನಿಲವಾಗಿ ಹೊರಬರುವುದಿಲ್ಲ. ಪ್ರೊಪೇನ್ ಬೆರೆಸಿದ ಡಬ್ಬಿ ತೆಗೆದುಕೊಳ್ಳಿ. ರಾತ್ರಿ ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ಹೆಪ್ಪುಗಟ್ಟಿದರೂ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆಂಡದ ಬಾಣಲೆ, ಇದ್ದಿಲು, ಗ್ಯಾಸ್ ಸ್ಟವ್, ಇವು ಯಾವುದನ್ನೂ ಮಲಗುವ ಟೆಂಟಿನೊಳಗೆ ಅಥವಾ ಮುಚ್ಚಿದ ರೂಮಿನೊಳಗೆ ತರಬೇಡಿ. ಉರಿ ಆರಿದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕ್ಯಾಂಪಿನವರು ಪ್ರೀತಿಯಿಂದ ತಂದಿಟ್ಟರೂ ಹೊರಗೆ ಇಡಲು ಹೇಳಿ. ಹೊರಗೆ ಕೂತು ಕಾಯಿಸಿಕೊಳ್ಳಿ, ಆಮೇಲೆ ಒಳಗೆ ಬಂದು ಮಲಗಿ. ಬೆಂಕಿಗೆ ಅಲ್ಲಿನ ಪೊದೆ ಕಡಿಯುವುದೂ ಬೇಡ. ಅಂಥ ನೆಲದಲ್ಲಿ ಒಂದು ಪೊದೆ ಬೆಳೆಯಲು ವರ್ಷಗಟ್ಟಲೆ ಬೇಕು.

ಮೈ ಕೊಡುವ ಸೂಚನೆ

ನಡುಕ ಬಂದರೆ ಮೈ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗಲೇ ಬಟ್ಟೆ ಹೆಚ್ಚಿಸಿ, ಏನಾದರೂ ತಿನ್ನಿ. ಮಾತು ತೊದಲುವುದು, ಜಾಕೆಟ್ಟಿನ ಜಿಪ್ ಹಾಕಲು ಬಾರದಿರುವುದು, ಹೆಜ್ಜೆ ತಪ್ಪುವುದು, ಸುಮ್ನೆ ಕೂತುಬಿಡುವುದು, ಇವು ಅಪಾಯದ ಸೂಚನೆ. ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಹೈಪೋಥರ್ಮಿಯಾ. ಇಷ್ಟಾದ ಮೇಲೆ ನಡುಕ ನಿಂತರೆ ಸುಧಾರಿಸಿದರು ಅಂತ ತಿಳಿಯಬೇಡಿ, ಪರಿಸ್ಥಿತಿ ಕೆಟ್ಟಿದೆ ಅಂತ ತಿಳಿಯಿರಿ. ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ನೆಲದಿಂದ ಎತ್ತಿ ಕಂಬಳಿಯ ಮೇಲೆ ಮಲಗಿಸಿ. ಮೊದಲು ಎದೆ, ಕುತ್ತಿಗೆ ಬೆಚ್ಚಗಾಗಲಿ. ಕೈಕಾಲು ತಿಕ್ಕಬೇಡಿ. ಪೂರ್ತಿ ಎಚ್ಚರ ಇದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಿ. ತಡಮಾಡದೆ ವೈದ್ಯರ ಸಹಾಯಕ್ಕೆ ಕರೆ ಮಾಡಿ.

ಚಳಿಗೆ ಅಂತ ಮದ್ಯ ಕುಡಿಯುವುದು ಬೇಡ. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಒಳಗಿನ ಬಿಸಿ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಮಕ್ಕಳು ಮತ್ತು ವಯಸ್ಸಾದವರು ಬೇಗ ತಣ್ಣಗಾಗುತ್ತಾರೆ. ಮಕ್ಕಳು ಆಟದ ಭರದಲ್ಲಿ ಹೇಳುವುದೂ ಇಲ್ಲ. ಆಗಾಗ ಅವರ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ.

ಹಗಲಿನ ಬಗ್ಗೆ ಎರಡೇ ಮಾತು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಒಣ ಗಾಳಿ ಮಾತ್ರ ಮೈಯ ನೀರು ಹೀರುತ್ತಲೇ ಇರುತ್ತದೆ, ಆದ್ದರಿಂದ ನೆನಪಿಟ್ಟು ನೀರು ಕುಡಿಯಿರಿ. ತಂಪಾಗಿದ್ದರೂ ಬಿಸಿಲು ಚರ್ಮವನ್ನು ಸುಡುತ್ತದೆ, ತುಟಿ ಒಡೆಯುತ್ತದೆ.

ತಯಾರಿ ಇಲ್ಲದೆ ತಲುಪಿಬಿಟ್ಟಿದ್ದರೆ

ಓದುವ ಹೊತ್ತಿಗೆ ನೀವು ಆಗಲೇ ಅಲ್ಲಿದ್ದೀರಿ ಅಂತ ಇಟ್ಟುಕೊಳ್ಳೋಣ. ಕತ್ತಲಾಗಲು ಇನ್ನೂ ಸಮಯ ಇದ್ದರೆ ಹತ್ತಿರದ ಊರಿಗೆ ಹೋಗಿ ಉಣ್ಣೆಯ ಕಂಬಳಿ, ಟೊಪ್ಪಿ ಕೊಂಡುಕೊಳ್ಳಿ. ಅಲ್ಲಿಯವರು ಬಳಸುವುದನ್ನೇ ಕೊಳ್ಳಿ. ಕತ್ತಲಾಗಿದ್ದರೆ ಇರುವುದರಲ್ಲೇ ಸುಧಾರಿಸಿ. ಖಾಲಿ ಬ್ಯಾಗು, ರಟ್ಟಿನ ಪೆಟ್ಟಿಗೆ, ಪೇಪರ್, ಕಾರಿನ ಮ್ಯಾಟು, ಸಿಕ್ಕಿದ್ದನ್ನೆಲ್ಲ ಬೆನ್ನಿನ ಕೆಳಗೆ ಹಾಸಿ. ಹೆಚ್ಚಿಗೆ ಅಂಗಿಗಳಿದ್ದರೆ ಒಂದರ ಮೇಲೊಂದು ಹಾಕಿಕೊಳ್ಳಿ. ತುಂಬ ಬಿಗಿ ಇರದಿರಲಿ, ನಡುವೆ ಗಾಳಿ ನಿಂತರೇ ಬೆಚ್ಚಗಾಗುವುದು. ಜೊತೆಯವರು ಒತ್ತಾಗಿ ಮಲಗಿ. ಗಾಡಿಯೊಳಗೆ ಮಲಗುವುದಾದರೆ ಗಾಳಿಯ ಹೊಡೆತ ತಪ್ಪುತ್ತದೆ, ಆದರೆ ಎಂಜಿನ್ ಓಡಿಸುತ್ತಾ ನಿದ್ದೆ ಮಾಡಬೇಡಿ, ಕಿಟಕಿ ಒಂದು ಬೆರಳಷ್ಟು ತೆರೆದಿರಲಿ.

ಇಷ್ಟೆಲ್ಲ ಮಾಡಿಯೂ ಯಾರಾದರೂ ಗಡಗಡ ನಡುಗುತ್ತಿದ್ದರೆ ಕೊಟ್ಟ ದುಡ್ಡಿನ ಮುಖ ನೋಡಬೇಡಿ. ಕ್ಯಾಂಪಿನವರನ್ನು ಎಬ್ಬಿಸಿ, ಇನ್ನೊಂದೆರಡು ರಗ್ಗು ಕೇಳಿ. ಅದೂ ಸಾಲದಿದ್ದರೆ ದಾರಿ ಗೊತ್ತಿರುವ ಅಲ್ಲಿನ ಚಾಲಕರ ಜೊತೆ ಊರಿಗೆ ಹೋಗಿ ರೂಮು ಹಿಡಿಯಿರಿ. ಕತ್ತಲಲ್ಲಿ ಮರಳಿನ ಮೇಲೆ ನೀವೇ ಗಾಡಿ ಓಡಿಸಲು ಹೋಗಬೇಡಿ.